ಓದುಗರ ಪ್ರಶ್ನೆ: ಜಪಾನೀ ಅತಿಥಿಗಳಿಗೆ ನಂಚಿಕೊಳ್ಳಲು ಏನು?

ಪ್ರಶ್ನೆ: ಮಣಿಪಾಲದಲ್ಲಿ ಮಗನ ಜೊತೆ ಕೆಲಸ ಮಾಡುವ ಇಬ್ಬರು ಜಪಾನೀಯರು ಬರುವ ತಿಂಗಳು ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದಾರೆ. ಊಟಕ್ಕೆ ಮೊದಲು ಬಿಯರ್ ಇರುತ್ತದೆ. ಅದರೊಂದಿಗೆ ಅವರ ಊರಿನ ಸರಳ ತಿನಿಸು ಕೊಡಬೇಕೆಂದಿದ್ದೇನೆ. ನಾತ ಹೊಡೆಯುವ ಮೀನೆಂದರೆ ಅವರಿಗೆ ಪ್ರಾಣವೆಂದು ಮಗ ಹೇಳುತ್ತಾನೆ. ನಮ್ಮದು ಫ್ಲ್ಯಾಟು, ಎದುರು ಮನೆಯವರು ಶುದ್ಧ ಸಸ್ಯಾಹಾರಿಗಳು. ಏನು ಮಾಡಲಿ?
— ಓದುಗರೊಬ್ಬರು, ಕಿನ್ನಿಮೂಲ್ಕಿ, ಉಡುಪಿ

ಉತ್ತರ: ತಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲವಾದರೂ, ನಾತದ ತಿನಿಸು ಜಪಾನಿನಲ್ಲಿಯೂ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಈ ವಿಷಯದಲ್ಲಿ ಹೆಸರಾದದ್ದು ಇಜು ದ್ವೀಪಗಳ ಕುಸಾಯ. ಮೀನನ್ನು ಸೀಳಿ, ತಲೆಮಾರುಗಳಿಂದ ಚೆಲ್ಲದೆ ಬಳಸುತ್ತ ಬಂದ ಉಪ್ಪುನೀರಿನಲ್ಲಿ ನೆನೆಸಿ, ಬಳಿಕ ಒಣಗಿಸುತ್ತಾರೆ. ಉಪ್ಪು ತೆರಿಗೆಯಾಗಿ ಹೋಗುತ್ತಿದ್ದ ಕಾಲದಲ್ಲಿ ಅದನ್ನು ಉಳಿಸಲು ಹುಟ್ಟಿದ ಪದ್ಧತಿಯಿದು ಎನ್ನುತ್ತಾರೆ. ಅದನ್ನು ಸುಡುವಾಗ ಏಳುವ ವಾಸನೆಗೆ ಜಪಾನೀಯರೇ ಎಷ್ಟೋ ಮಂದಿ ಮೂಗು ಮುಚ್ಚಿಕೊಳ್ಳುತ್ತಾರೆ. ದ್ವೀಪದವರು ಅದನ್ನು ಚೂರು ಚೂರಾಗಿ ಹರಿದು, ಶೋಚು ಎಂಬ ಬಟ್ಟಿ ಇಳಿಸಿದ ಮದ್ಯದೊಂದಿಗೆ ನಂಚಿಕೊಳ್ಳುವುದುಂಟು. ಬಿವಾ ಸರೋವರದ ಮೀನನ್ನು ಉಪ್ಪು, ಅನ್ನಗಳಲ್ಲಿ ತಿಂಗಳುಗಟ್ಟಲೆ ಹುಳಿಯಿಸುವ ಫುನಾಜುಶಿಯೂ ಇದೇ ಜಾತಿಯದು. ಉಪ್ಪುಸೊಳೆಯ ಭರಣಿ ತೆರೆದು ಬಲ್ಲ ನಮ್ಮ ಕರಾವಳಿಯವರಿಗೆ ಇದು ಹೊಸತೇನಲ್ಲ. ನಾಟ್ಟೋ ಎಂಬ ಅಂಟು ಸೋಯಾ ಹೆಚ್ಚಾಗಿ ಬೆಳಗಿನ ಅನ್ನದ ಜೊತೆಗಾರ. ಅದನ್ನು ಹುಡುಕುತ್ತ ಅಲೆಯಬೇಡಿ.

ಬಿಯರಿಗೆ ಅವರು ಮೊದಲು ಕೇಳುವುದು ಎಡಮಾಮೆ, ಅಂದರೆ ಎಳೆ ಸೋಯಾ ಕೋಡು. ಫ್ರೀಜರಿನದು ಸಿಕ್ಕಿದರೆ ಲಕೋಟೆಯ ಸೂಚನೆಯಂತೆ ಮಾಡಿ. ಹಸಿ ಕೋಡು ಸಿಕ್ಕಿದರೆ ಎರಡೂ ತುದಿ ಕತ್ತರಿಸಿ, ಒಂದು ಲೀಟರ್ ನೀರಿಗೆ 40 ಗ್ರಾಂ ಉಪ್ಪಿನ ಲೆಕ್ಕದಲ್ಲಿ ಒಂದಷ್ಟನ್ನು ಕೋಡಿಗೆ ತಿಕ್ಕಿ, ಉಳಿದದ್ದನ್ನು ಕುದಿಯುವ ನೀರಿಗೆ ಹಾಕಿ, ನಾಲ್ಕೈದು ನಿಮಿಷ ಬೇಯಿಸಿ. ಬಸಿದ ಮೇಲೆ ತಣ್ಣೀರು ಹೊಯ್ಯದೆ ಹರಡಿ ಆರಲು ಬಿಡಿ. ನೀರು ಹೊಯ್ದರೆ ಉಪ್ಪು ತೊಳೆದುಹೋಗುತ್ತದೆ. ಎರಡೂ ಸಿಗದಿದ್ದರೆ ಹಸಿ ನೆಲಗಡಲೆಯನ್ನು ಸಿಪ್ಪೆಸಹಿತ ಉಪ್ಪು ಹಾಕಿ ಬೇಯಿಸಿ. ನೆಲಗಡಲೆಗೆ ಹೆಸರಾದ ಚಿಬಾ ಪ್ರಾಂತ್ಯದಲ್ಲಿ ಹಾಗೆಯೇ ತಿನ್ನುತ್ತಾರೆ.

ಎರಡನೆಯದು ಮುಳ್ಳುಸೌತೆ. ಲಟ್ಟಣಿಗೆಯಿಂದ ಮೆಲ್ಲಗೆ ಬಡಿದು ಬಿರುಕು ಬಿಡಿಸಿ, ಕೈಯಲ್ಲೇ ಮುರಿದು, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ನೀರು ಬಸಿಯಿರಿ. ಮೇಲೆ ಹುರಿದು ಜಜ್ಜಿದ ಎಳ್ಳು ಉದುರಿಸಿ. ಚಾಕುವಿನ ನುಣುಪು ಹೋಳಿಗಿಂತ ಒರಟಾಗಿ ಮುರಿದದ್ದಕ್ಕೆ ಉಪ್ಪು ಚೆನ್ನಾಗಿ ಹಿಡಿಯುತ್ತದೆ. ಮೆತ್ತನೆಯ ತೋಫು ಸಿಕ್ಕಿದರೆ ತಣ್ಣಗೆ ಮಾಡಿ, ತುರಿದ ಶುಂಠಿ, ಈರುಳ್ಳಿ ಹೂ, ಸೋಯಾ ಸಾಸ್ ಹಾಕಿ ಕೊಡಬಹುದು. ಅದಕ್ಕೆ ಬದಲಾಗಿ ಪನೀರ್ ಮಾತ್ರ ಬೇಡ.

ಇನ್ನು ಮೀನು. ಕುಸಾಯವನ್ನು ತರಿಸುವ ಗೊಡವೆ ಬಿಟ್ಟು ನಮ್ಮ ಒಣ ಸಿಗಡಿಯನ್ನೇ ಇಡಿ. ಅತಿಥಿಗಳಿಗೆ ಅದು ಹೊಸ ರುಚಿಯೂ ಆಗುತ್ತದೆ. ತಲೆ, ಬಾಲ ತೆಗೆದು, ಸಣ್ಣ ಉರಿಯಲ್ಲಿ ಬೆರಳಿಗೆ ಪಟ್ಟನೆ ಮುರಿಯುವಷ್ಟು ಗರಿಯಾಗಿ ಹುರಿಯಿರಿ. ವಾಸನೆ ಏಳುವುದು ಹುರಿಯುವಾಗಲೇ ಆದ್ದರಿಂದ ಆ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳದೆ, ಎದುರು ಮನೆಯವರು ಹೊರಗೆ ಹೋಗುವ ಹೊತ್ತು ನೋಡಿ ಮುಗಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಾಣಲೆಗೂ ಕೈಗೂ ನಿಂಬೆರಸ ಹಚ್ಚಿ ತೊಳೆಯಿರಿ. ಮೀನಿನ ವಾಸನೆಗೆ ಕಾರಣವಾದ ಅಮೈನುಗಳನ್ನು ಹುಳಿ ಕಟ್ಟಿಹಾಕುವುದರಿಂದ ಅವು ಗಾಳಿಗೆ ಏಳುವುದು ಕಡಿಮೆಯಾಗುತ್ತದೆ. ಬಡಿಸುವಾಗ ಒಬ್ಬೊಬ್ಬರಿಗೆ ಸಣ್ಣ ಬಟ್ಟಲಿನಲ್ಲಿ ಒಂದು ಹಿಡಿಯಷ್ಟೇ ಸಾಕು.