ಸಂಪಾದಕರ ಉತ್ತರ: ಅಂದ ಬೇಕೆಂದು ಹೋದವಳು ಪರಿಹಾರ ಕೇಳಬಾರದೇ?

ಓದುಗರ ಪತ್ರ: ಮದುವೆಗೆ ನಾಲ್ಕು ತಿಂಗಳಿರುವಾಗ ಅಂಧೇರಿಯ ಕ್ಲಿನಿಕ್ ಒಂದರಲ್ಲಿ 48,000 ರೂಪಾಯಿ ಕಟ್ಟಿ, ಮುಖದ ಕೂದಲು ತೆಗೆಸುವ ಲೇಸರ್ ಪ್ಯಾಕೇಜ್ ತೆಗೆದುಕೊಂಡೆ. ವೈದ್ಯರನ್ನು ಕಂಡದ್ದು ಮೊದಲ ದಿನ ಮಾತ್ರ. ಯಂತ್ರ ಹಿಡಿದವಳು ಸಮವಸ್ತ್ರದ ಒಬ್ಬ ಹುಡುಗಿ. ಎರಡನೆಯ ಸಿಟ್ಟಿಂಗಿನಲ್ಲಿ ಎರಡೂ ಕೆನ್ನೆ ಸುಟ್ಟು ಬೊಬ್ಬೆ ಎದ್ದವು. ಹದಿನಾಲ್ಕು ತಿಂಗಳಾದರೂ ಕಪ್ಪು ಪಟ್ಟೆಗಳು ಮಾಸಿಲ್ಲ. ಸಮ್ಮತಿ ಪತ್ರಕ್ಕೆ ಸಹಿ ಹಾಕಿದ್ದೀರಲ್ಲ ಎನ್ನುತ್ತಾರೆ; ಅರ್ಧ ಹಣ ಕೊಡುತ್ತೇವೆ, ಇನ್ನು ದೂರಿಲ್ಲವೆಂದು ಬರೆದುಕೊಡಿ ಎಂದಿದ್ದಾರೆ. ‘ಅಂದ ಬೇಕೆಂದು ಹೋದವಳು ನೀನೇ, ಈಗ ಕೋರ್ಟು ಕಚೇರಿ ಎಂದರೆ ಜನ ಏನೆಂದಾರು’ ಎನ್ನುತ್ತಾರೆ ಅಮ್ಮ. ಪರಿಹಾರ ಕೇಳುವುದು ದುರಾಸೆಯೇ? ಸಮ್ಮತಿ ಪತ್ರದ ಪ್ರತಿ ಲಗತ್ತಿಸಿದ್ದೇನೆ. – ಡೊಂಬಿವಲಿಯ ಓದುಗಿ

ಸೋದರಿ, ನಿಮ್ಮ ಅಮ್ಮನ ಆ ಮಾತನ್ನು ನಾನು ಮುಂಬಯಿಯ ಮಾಟುಂಗಾದಿಂದ ಕಾಂದಿವಲಿಯವರೆಗೆ ನಮ್ಮ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ಸಂಕಟಪಟ್ಟಿದ್ದೇನೆ. ಹಲ್ಲು ಕೀಳಿಸಲು ಹೋಗಿ ದವಡೆ ಮುರಿಸಿಕೊಂಡು ಬಂದವನಿಗೆ ‘ನೀನೇ ಹೋದೆಯಲ್ಲ’ ಎಂದು ಯಾರೂ ಹೇಳುವುದಿಲ್ಲ. ಹುಡುಗಿಯ ಮುಖ ಸುಟ್ಟಾಗ ಮಾತ್ರ ಅವಳ ಆಸೆಯೇ ಅಪರಾಧವಾಗುತ್ತದೆ. ಗಂಡಿನ ಕಡೆಯವರು ಬರುವ ಮೊದಲು ಮುಖ ಸ್ವಲ್ಪ ತಿಳಿಯಾಗಲಿ ಎಂದು ಅವಳನ್ನು ಕಳಿಸಿಕೊಟ್ಟವರೂ ಬಹಳ ಸಲ ನಾವೇ ಆಗಿರುತ್ತೇವೆ. ಕಾನೂನು ನಮಗಿಂತ ಉದಾರವಾಗಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಹೋದದ್ದು ರೋಗಕ್ಕೋ ಅಂದಕ್ಕೋ ಎಂದು ಅದು ಕೇಳುವುದಿಲ್ಲ.

ವೈದ್ಯರ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲ ಎಚ್ಚರಿಕೆ ವಹಿಸಿದ ಮೇಲೂ ಕೆಲವರ ಚರ್ಮ ಕೆರಳುತ್ತದೆ, ಫಲ ಕೆಟ್ಟದ್ದೆಲ್ಲ ನಿರ್ಲಕ್ಷ್ಯವಲ್ಲ. ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಬೇಕೆಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿರುವುದೂ ನ್ಯಾಯವೇ.

ಆದರೆ ನಿಮ್ಮ ಪತ್ರದಲ್ಲಿರುವುದು ಬೇರೆಯ ಕಥೆ. ಲೇಸರ್ ಬೆಳಕು ಕೂದಲ ಬುಡವನ್ನು ಸುಡುವುದು ಅಲ್ಲಿರುವ ಮೆಲನಿನ್ ಎಂಬ ಬಣ್ಣದ ಅಂಶದ ಮೂಲಕ. ಅದೇ ಮೆಲನಿನ್ ನಮ್ಮಂಥ ಗೋಧಿ, ಎಣ್ಣೆಗಪ್ಪು ಬಣ್ಣದವರ ಚರ್ಮದಲ್ಲಿಯೂ ಧಾರಾಳವಾಗಿರುವುದರಿಂದ, ಶಕ್ತಿಯ ಮಟ್ಟವನ್ನು ಅಳೆದು ಹೊಂದಿಸದಿದ್ದರೆ ಕೂದಲಿಗಿಂತ ಮೊದಲು ಚರ್ಮವೇ ಬೇಯುತ್ತದೆ. ಇದಕ್ಕಾಗಿಯೇ ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗದ ಯಂತ್ರ ಹೆಚ್ಚು ಸುರಕ್ಷಿತ ಎನ್ನುತ್ತಾರೆ, ಮೊದಲು ಕಿವಿಯ ಹತ್ತಿರ ಒಂದಿಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ ಕಾದು ನೋಡುತ್ತಾರೆ. ನಿಮಗೆ ಆ ಪರೀಕ್ಷೆ ಮಾಡಿದ್ದರೇ? ಯಂತ್ರ ಯಾವುದು, ಎಷ್ಟು ಶಕ್ತಿಗೆ ಇಟ್ಟಿದ್ದರು? ಆ ಹುಡುಗಿ ಕಲಿತದ್ದೇನು? 2019ರಲ್ಲಿ ಇದೇ ಮುಂಬಯಿಯಲ್ಲಿ ಕೂದಲು ಕಸಿ ಮಾಡಿಸಿಕೊಂಡ ಉದ್ಯಮಿಯೊಬ್ಬರು ತೀರಿಕೊಂಡಾಗ ನಾವೆಲ್ಲ ಬೆಚ್ಚಿದ್ದೆವು. ಯೂಟ್ಯೂಬ್ ನೋಡಿಯೋ ಕಾರ್ಯಾಗಾರದಲ್ಲಿ ಕುಳಿತೋ ಕಲಿತದ್ದು ಕೂದಲು ಕಸಿಗೆ ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದು ಹೇಳಬೇಕಾಯಿತು. ಬರೆದು ಹೇಳಬೇಕಾದ ಸ್ಥಿತಿ ಬಂದದ್ದೇ ನಾಚಿಕೆಗೇಡು.

ಇನ್ನು ಆ ಸಮ್ಮತಿ ಪತ್ರ. ನೀವು ಕಳಿಸಿದ ಪ್ರತಿಯನ್ನು ಎರಡು ಸಂಜೆ ಮೇಜಿನ ಮೇಲಿಟ್ಟು ನೋಡಿದೆ. ಮೂರು ಪುಟ, ಎಲ್ಲವೂ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ಕೊನೆಯ ಪುಟದಲ್ಲಿ ನಿಮ್ಮ ಸಹಿಯ ಪಕ್ಕ ಹೆಬ್ಬೆರಳ ಗಾತ್ರದ ಒಂದು ಬೂದು ಕಲೆ ಜೆರಾಕ್ಸಿನಲ್ಲೂ ಮೂಡಿದೆ. ಮುಖಕ್ಕೆ ಜೋಮು ಹಿಡಿಸುವ ಕ್ರೀಮು ಹಚ್ಚಿ ಮಲಗಿಸಿದ ಮೇಲೆ ಪೆನ್ನು ಕೊಟ್ಟಿದ್ದರೇ? ಹಾಗಿದ್ದರೆ ಅದನ್ನು ದೂರಿನಲ್ಲಿ ಬರೆಯಿರಿ, ಮೂಲ ಪತ್ರವನ್ನು ಹಾಜರುಪಡಿಸುವಂತೆ ಗ್ರಾಹಕರ ದೂರು ಕೇಳುವ ಗ್ರಾಹಕ ಆಯೋಗವನ್ನು ಕೇಳಿರಿ. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು ಇಷ್ಟನ್ನೂ ತಿಳಿಸಿ ಪಡೆದದ್ದು ಮಾತ್ರ ಸಮ್ಮತಿ ಎಂದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಪಾಯಕ್ಕೆ ಒಪ್ಪಿದವರು ಅಜಾಗರೂಕತೆಗೆ ಒಪ್ಪಿದಂತಾಗುವುದಿಲ್ಲ.

ನಿಮ್ಮನ್ನು ಗದರಬೇಕಾದ ಒಂದು ಸಂಗತಿಯಿದೆ: ಹದಿನಾಲ್ಕು ತಿಂಗಳು ಸುಮ್ಮನಿದ್ದಿರಿ. ನನ್ನ ಚಿಕ್ಕಮ್ಮನ ಮಗಳು ಚರ್ಮದ ಮೇಲ್ಪದರ ಸುಲಿಸುವ ರಾಸಾಯನಿಕ ಪೀಲ್ ಮಾಡಿಸಿಕೊಂಡು ಗಲ್ಲ ಕಪ್ಪಾಗಿ, ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಮೂರು ವರ್ಷ ದುಪಟ್ಟಾ ಸುತ್ತಿಕೊಂಡೇ ಓಡಾಡಿದಳು. ಮನೆಯವರು ಮಾತೆತ್ತಬೇಡವೆಂದರು, ಅವಳೂ ಎತ್ತಲಿಲ್ಲ. ಕೊನೆಗೆ ಧೈರ್ಯ ಮಾಡಿ ಹೋದಾಗ ದೂರು ಕೊಡಲು ಕಾನೂನು ಕೊಟ್ಟ ಎರಡು ವರ್ಷದ ಅವಧಿ ಮೀರಿತ್ತು, ಕ್ಲಿನಿಕ್ಕಿನ ಬೋರ್ಡಿನ ಮೇಲೆ ಬೇರೆ ಹೆಸರಿತ್ತು. ನಿಮಗಿನ್ನೂ ಹತ್ತು ತಿಂಗಳಿದೆ. ಅರ್ಧ ಹಣದ ಆ ಕಾಗದಕ್ಕೆ ಸಹಿ ಹಾಕಬೇಡಿ. ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿರಿ. ರೋಗಿ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನಡತೆಯ ನಿಯಮ. ಮೊಬೈಲಿನ ಫೋಟೋಗಳನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಚರ್ಮತಜ್ಞರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಬೇಕಿಲ್ಲವೆಂದು 2010ರ ಕಿಶನ್ ರಾವ್ ತೀರ್ಪು ಹೇಳಿದ್ದರೂ ಅದಿದ್ದರೆ ಬಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಠಾಣೆ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನೀವು ಕಟ್ಟಿದ ಹಣ 5 ಲಕ್ಷದೊಳಗಿರುವುದರಿಂದ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಎಷ್ಟು ಕೇಳಬೇಕು ಎಂಬುದಕ್ಕೆ ಮಾತ್ರ ಲೆಕ್ಕ ಇಟ್ಟುಕೊಳ್ಳಿ. ದೆಹಲಿಯ ಹೋಟೆಲೊಂದರ ಸಲೂನಿನಲ್ಲಿ ಕೂದಲು ತಪ್ಪಾಗಿ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಕೊಡಿಸಿದಾಗ, ನಷ್ಟಕ್ಕೆ ದಾಖಲೆಯ ಆಧಾರ ಬೇಕೆಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿ ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿತು. ಔಷಧದ ಬಿಲ್ಲು, ರಜೆ ಹಾಕಿದ ದಿನಗಳು, ಮುಂದೂಡಿದ್ದರೆ ಮದುವೆಯ ಛತ್ರದ ರಸೀದಿ ಎಲ್ಲವೂ ಬೇಕು.

ನನ್ನನ್ನು ಕಾಡುವುದು ಇನ್ನೊಂದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ನಮ್ಮ ಹಿರಿಯರು ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದೆಂದೇ ಕಲಿತರು. ಅವರ ಮೊಮ್ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಓದುವ ಪುರಸೊತ್ತನ್ನು ಮಾತ್ರ ಯಾರೂ ಕೊಡುತ್ತಿಲ್ಲ. ಈ ನಗರದಲ್ಲಿ ಬ್ಯಾಂಕಿನ ಚೀಟಿ ಮರಾಠಿ, ಹಿಂದಿಯಲ್ಲಿ ಸಿಗುತ್ತದೆ; ಚರ್ಮ ಸುಡಬಹುದೆಂಬ ಎಚ್ಚರಿಕೆ ರೋಗಿಗೆ ತಿಳಿಯುವ ಭಾಷೆಯಲ್ಲಿ ಏಕೆ ಸಿಗಬಾರದು?

ಮುಂದಿನ ಶನಿವಾರ ಅಮ್ಮನನ್ನೂ ಕರೆದುಕೊಂಡು ಕಚೇರಿಗೆ ಬನ್ನಿ. ಆ ಮೂರು ಪುಟಗಳನ್ನು ಸಾಲು ಸಾಲಾಗಿ ಕನ್ನಡದಲ್ಲಿ ಅವರಿಗೆ ಓದಿ ಹೇಳುತ್ತೇನೆ. ದೂರಿನ ಕರಡನ್ನು ಅದಾದ ಮೇಲೆ ಮೂವರೂ ಕೂತು ಬರೆಯೋಣ.