ಹೊಸ ಬಣ್ಣ ನೋಡಿ ರಿಪೇರಿ ಪಟ್ಟಿ ಮಾಡಬೇಡಿ

ಕೊಂಡು ಬಾಡಿಗೆಗೆ ಕೊಡಲೆಂದು ಹಳೇ ಮಹಡಿ ಮನೆ ನೋಡಿ ಬಂದವರೊಬ್ಬರು ಇಲ್ಲಿ ಹಾಕಿರುವ ರಿಪೇರಿ ಪಟ್ಟಿ ಓದಿದೆ: ಮೊದಲು ಪೇಂಟ್, ಆಮೇಲೆ ಅಡುಗೆಮನೆ ಕಪಾಟು, ಬಾತ್‌ರೂಮ್ ‘ಚೆನ್ನಾಗೇ ಇದೆ’. ಅಡ್ವಾನ್ಸ್ ಕೊಡಬೇಡಿ ಇನ್ನೂ. ಮನೆಯೆಲ್ಲ ಹಳೇ ಬಣ್ಣ, ಕೆಳಗಿನ ಒಂದು ರೂಮಿನ ಸೀಲಿಂಗ್ ಮಾತ್ರ ಹೊಸದು ಅಂತ ನೀವೇ ಬರೆದಿದ್ದೀರಿ. ಅದರ ನೆತ್ತಿ ಮೇಲೇ ಬಾತ್‌ರೂಮ್. ಇನ್ನೇನು ಸುಳಿವು ಬೇಕು?

ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿ ನೋಡದೆ ಬಾತ್‌ರೂಮ್ ಪಾಸ್ ಮಾಡಲೇಬಾರದು. ಮೊದಲು ಕೆಳಗಿನ ಸೀಲಿಂಗ್ ಫೋಟೋ ತೆಗೆದುಕೊಳ್ಳಿ. ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ಜಾಲಿ ಕೆಳಗಿನ ಭಾಗ) ಟೆಸ್ಟ್ ಪ್ಲಗ್ ಹಾಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಸುತ್ತಿ ಗಟ್ಟಿಯಾಗಿ ತುರುಕಿ, ಹೊರಗೆಳೆಯಲು ದಾರ ಬಿಡಿ. ಹೊಸ್ತಿಲಿಗೆ ಜೇಡಿಮಣ್ಣಿನ ಕಟ್ಟೆ. 25 ಮಿ.ಮೀ. ನೀರು ಸಾಕು, ಚದರ ಮೀಟರಿಗೆ 25 ಕೆ.ಜಿ. ಭಾರ ಬೀಳುತ್ತದೆ. ಕಾಂಕ್ರೀಟ್ ಸ್ಲ್ಯಾಬಿನ ತಳದಲ್ಲಿ, ಅಂದರೆ ಕೆಳಗಿನ ಸೀಲಿಂಗಿನಲ್ಲಿ, ಕಂಬಿ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ, ನೇರ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ಒಂದೆರಡು ಮಿ.ಮೀ. ಇಳಿದರೆ ಆವಿಯಾಗಿರಬಹುದು, ಗಾಬರಿ ಬೇಡ. ಆದರೆ ಕೆಳಗಿನ ರೂಮಿನ ಲೈಟಿನ ಸರ್ಕ್ಯೂಟ್ ಆಫ್ ಮಾಡಿಡಿ.

ಯಾವಾಗ ಸೋರಿತು ಅನ್ನುವುದರಲ್ಲೇ ಉತ್ತರ ಇದೆ. ನೀರು ನಿಂತಾಗ ಸೋರಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಪ್ಲಗ್ ತೆಗೆದ ಮೇಲೆ ಸೋರಿದರೆ ಟ್ರ್ಯಾಪ್ ಅಥವಾ ಡ್ರೈನ್ ಜಾಯಿಂಟ್. ಶವರ್ ಬಿಟ್ಟಾಗ ಮಾತ್ರ ಆದರೆ ಗೋಡೆ ಟೈಲ್ಸಿನ ಸಂದು, ಇಲ್ಲವೇ ಗೋಡೆಯೊಳಗೆ ಶವರಿಗೆ ಏರುವ ಪೈಪು. ಏನೂ ಬಳಸದೆ ಒದ್ದೆ ಇದ್ದರೆ ಪ್ರೆಶರ್ ಲೈನ್, ಅಂದರೆ ಟ್ಯಾಂಕಿನಿಂದ ನಲ್ಲಿಗೆ ಬರುವ ಸದಾ ನೀರು ತುಂಬಿದ ಪೈಪು, ನೋಡಿ: ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ಮಟ್ಟ ಗುರುತು ಹಾಕಿಡಿ. ಇಳಿದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೂ ಒಂದಿಷ್ಟು ಬಣ್ಣ ಹಾಕಿ. ಫ್ಲಶ್ ಮಾಡದೆಯೂ ಕಮೋಡಿಗೆ ಬಣ್ಣ ಇಳಿದರೆ ವಾಷರ್ ಹೋಗಿದೆ. ಅದು ಸಣ್ಣ ಕೆಲಸ.

ಈಗಿರುವ ಬಾಡಿಗೆದಾರರನ್ನು ಓನರ್ ಇಲ್ಲದಾಗ ಕೇಳಿ. ಮಳೆಯಲ್ಲಿ ಬಕೆಟ್ ಎಲ್ಲಿಡುತ್ತಾರೆ ಅನ್ನುವುದು ಅವರಿಗೆ ಗೊತ್ತು.

ಮಾಯಿಶ್ಚರ್ ಮೀಟರ್ ತಗೊಳ್ಳಿ ಅಂದವರಿಗೆ: ಎರಡು ಪಿನ್ ಚುಚ್ಚಿ ತೇವ ಅಳೆಯುವ ಪಿನ್ ಮೀಟರಿನ ಶೇಕಡಾ ಅಂಕಿ ಮರಕ್ಕೆ ಮಾಡಿದ್ದು. ಗಾರೆಯಲ್ಲಿ ಉಪ್ಪಿದ್ದರೆ ಒಣಗಿದ ಗೋಡೆಯೂ ಒದ್ದೆ ಅನ್ನುತ್ತದೆ. ಅದೇ ರೂಮಿನ ಒಣ ಗೋಡೆ ಜೊತೆ ಹೋಲಿಸಿ ನೋಡಿ, ಅಷ್ಟೇ.

ಸ್ಲ್ಯಾಬಿನ ತಳವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟೊಳ್ಳು ಸದ್ದು, ಜೊತೆಗೆ ನೇರ ಗೆರೆಯಲ್ಲಿ ಕಂದು ಕಲೆ ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿದೆ. ಮೇಲೆ ಗಾರೆ ಮೆತ್ತಿದರೆ ಮತ್ತೆ ಉದುರುತ್ತದೆ. ಕಂಬಿಯ ಹಿಂಬದಿವರೆಗೆ ಕೆತ್ತಿ, ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ ತುಂಬಬೇಕು. ಯಾವ ಕಂಪನಿಯದು, ಸಿಕಾನಾ ಫೋಸ್ರಾಕಾ ಅಂತ ಇಲ್ಲಿ ಜಗಳ ನಡೆದಿದೆ. ಮೇಲ್ಮೈ ಸ್ವಚ್ಛ ಮಾಡದಿದ್ದರೆ ಯಾವುದೂ ಹಿಡಿಯಲ್ಲ. ಡಬ್ಬಿ ಮೇಲಿನ ಅಳತೆ ಬಿಟ್ಟು ಇನ್ನೊಂದು ಮಗ್ ನೀರು ಸುರಿಯುವ ಮೇಸ್ತ್ರಿ ಇದ್ದರಂತೂ ಮುಗೀತು.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಯಿತು, ಅರ್ಥಿಂಗ್ ಸರಿ ಇದೆ ಅನ್ನಬೇಡಿ. ಆ ಬಟನ್ ಅರ್ಥ್ ತಂತಿಯನ್ನು ಪರೀಕ್ಷಿಸುವುದೇ ಇಲ್ಲ. ಸಾಕೆಟ್ ಬಿಚ್ಚಿಸಿ ನೋಡಿ, ಅರ್ಥ್ ಪಿನ್ನಿನ ಹಿಂದೆ ತಂತಿಯೇ ಇಲ್ಲದ ಹಳೇ ಮನೆಗಳು ಬೇಕಾದಷ್ಟಿವೆ.

ಇನ್ನು ಪ್ಲಾನ್. ನೀರು, ಸ್ಲ್ಯಾಬ್, ವೈರಿಂಗ್ ಖರ್ಚು ಮನೆಯ ರೇಟ್ ಮಾತಾಡುವಾಗಲೇ ಮೇಜಿನ ಮೇಲಿರಬೇಕು. ಕಪಾಟು ಮುಂದಿನ ಬಾಡಿಗೆದಾರರು ಬದಲಾಗುವವರೆಗೂ ಕಾಯಬಹುದು. ಟೈಲ್ಸ್ ಒಡೆದ ಮೇಲೆ ಏನು ಕಾಣುತ್ತದೋ, ಅದಕ್ಕೆಂದು ಅಂದಾಜಿನ ಮೇಲೆ ಶೇ. 20 ಎತ್ತಿಡಿ, ಮನೆ ಖಾಲಿ ಇರುವ ತಿಂಗಳುಗಳ ಬಾಡಿಗೆಯನ್ನೂ ರಿಪೇರಿ ಖರ್ಚಿಗೇ ಸೇರಿಸಿ. ಅದನ್ನು ಯಾರೂ ಬರೆಯುವುದಿಲ್ಲ. ಬಾತ್‌ರೂಮಿನ ಹೊಸ ವಾಟರ್‌ಪ್ರೂಫಿಂಗ್ ಕೋಟ್ ಗೋಡೆಗೂ 300 ಮಿ.ಮೀ. ಏರಬೇಕು, ಶವರ್ ಕಡೆ 1800 ಮಿ.ಮೀ. ಅದು ಒಣಗಿದ ಮೇಲೆ, ಟೈಲ್ಸ್ ಹಾಕುವ ಮುನ್ನ, ಮತ್ತೆ 24 ಗಂಟೆ ನೀರು ನಿಲ್ಲಿಸಿ. ಕಂಟ್ರಾಕ್ಟರ್ ಗೊಣಗಲಿ, ಕೊನೆಯ ಕಂತು ಅದಾದ ಮೇಲೇ. ಪೇಂಟ್ ಎಲ್ಲಕ್ಕಿಂತ ಕೊನೆಗೆ. ಹೊಸ ಗಾರೆಗೆ 28 ದಿನ ಕೊಡಿ, ಇಲ್ಲದಿದ್ದರೆ ಬಿಳಿ ಉಪ್ಪು ಎದ್ದು ಪದರ ಪದರವಾಗಿ ಬಿಡುತ್ತದೆ.

ಟೈಲ್ಸ್ ಮುಚ್ಚುವ ಮೊದಲು ಪೈಪ್ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಓದಲು ಬರಬೇಕು. ಗೀಸರ್ ಹಾಕಲು ಡ್ರಿಲ್ ಹಿಡಿದು ಬಂದವನು ಕೇಳುವುದೇ ಅದನ್ನು.