ಶುಗರ್ ಇಳಿಯಲು ಮಾಮೂಲಿ ನಡಿಗೆ ಸಾಕೇ, ಜೋರು ವ್ಯಾಯಾಮವೇ ಬೇಕೇ?

ವಯಸ್ಸು 44, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.1, ಉಡುಪಿಯ ಅಜ್ಜರಕಾಡಿನಲ್ಲಿ ದಿನಾ ಬೆಳಿಗ್ಗೆ ಗೆಳತಿಯರ ಜೊತೆ ಒಂದು ಗಂಟೆ ನಡೆದರೂ ಇಳಿಯುತ್ತಿಲ್ಲ, ಜಿಮ್ಮಿಗೆ ಸೇರಬೇಕೇ ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಜಿಮ್ ಬೇಕೆಂದಿಲ್ಲ. ಆ ನಡಿಗೆಯನ್ನೂ ಬಿಡಬೇಡಿ. ಆದರೆ ಅದರಲ್ಲಿ ಏದುಸಿರು ಬರುವ ಕೆಲವು ನಿಮಿಷಗಳು ಇರಲೇಬೇಕು.

ಇನ್ಸುಲಿನ್ ಬಂದಾಗ ಸ್ನಾಯುಕೋಶದೊಳಗಿನ ಗ್ಲುಟ್4 ಎಂಬ ಪ್ರೋಟೀನ್ ಕೋಶದ ಅಂಚಿಗೆ ಬಂದು ರಕ್ತದ ಸಕ್ಕರೆಯನ್ನು ಒಳಗೆ ಬಿಡುತ್ತದೆ. ಸ್ನಾಯು ದುಡಿದಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ಇದೇ ಕೆಲಸ ಆಗುತ್ತದೆ. ಹರಟುತ್ತಾ ನಡೆಯುವಾಗ ಕರಗುವುದರಲ್ಲಿ ಕೊಬ್ಬಿನ ಪಾಲು ಹೆಚ್ಚು. ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಇರುವ ಹೆಂಗಸರಲ್ಲಿ ಅದೇ ಮಟ್ಟದ ಶ್ರಮಕ್ಕೆ ಗಂಡಸರಿಗಿಂತಲೂ ಹೆಚ್ಚು. ಉಸಿರು ಏರಿದ ಮೇಲೆ ಸ್ನಾಯು ತಾನು ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖರ್ಚು ಮಾಡುತ್ತದೆ. ಅದನ್ನು ಮತ್ತೆ ತುಂಬಿಕೊಳ್ಳಬೇಕಲ್ಲ, ಹಾಗಾಗಿ ಮುಂದಿನ 24ರಿಂದ 48 ಗಂಟೆ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ರಜೆ ಬೇಡ ಅನ್ನುವುದು ಇದಕ್ಕೇ.

ಅಜ್ಜರಕಾಡಿನ ಮೈದಾನ ಸಮತಟ್ಟು. ದಿನ ಬಿಟ್ಟು ದಿನ ಮಣಿಪಾಲದ ಕಡೆಯ ಯಾವುದಾದರೂ ಏರು ಹಿಡಿಯಿರಿ: ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಹೀಗೆ ಐದಾರು ಸಲ. ಮಾತಾಡಬಹುದು, ಹಾಡಲಾಗದು ಅನ್ನಿಸಿದರೆ ಅದು ಮಧ್ಯಮ ಶ್ರಮ. ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ತೀವ್ರ. ನಮ್ಮ ಕರಾವಳಿಯ ಸೆಕೆಯಲ್ಲಿ ಎದೆಬಡಿತ ಬೇಗ ಏರುತ್ತದೆ, ಬೆಳಿಗ್ಗೆ ಏಳರೊಳಗೆ ಮುಗಿಸುವುದೇ ಒಳ್ಳೆಯದು. ಬಿರುಸಿನ ವ್ಯಾಯಾಮ ಆದ ಕೂಡಲೇ ಗ್ಲುಕೋಮೀಟರ್ ಹೆಚ್ಚು ತೋರಿಸಿದರೆ ಹೆದರಬೇಡಿ. ಅಡ್ರಿನಲಿನ್‌ನಿಂದ ಯಕೃತ್ತು ಸ್ವಲ್ಪ ಹೊತ್ತು ಸಕ್ಕರೆ ಬಿಡುತ್ತದೆ, ಆಮೇಲೆ ಇಳಿಯುತ್ತದೆ.

ನಿಮ್ಮ ವಯಸ್ಸಿಗೆ ನಾನು ಇನ್ನೂ ಒತ್ತಿ ಹೇಳುವುದು ಸ್ನಾಯುಬಲದ ವ್ಯಾಯಾಮ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಈಸ್ಟ್ರೋಜೆನ್ ಇಳಿಯುತ್ತದೆ, ಸ್ನಾಯು ಕರಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ. ಇನ್ಸುಲಿನ್ ಮಾತು ಕೇಳುವ ಸ್ನಾಯುವೇ ಕಡಿಮೆಯಾದರೆ ನಡಿಗೆ ಒಂದರಿಂದಲೇ ಹೇಗೆ ಸಾಧ್ಯ? ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಮಾಡಿ.

ಮಧ್ಯಾಹ್ನ ಊಟವಾದ ಮೇಲೆ ಮಲಗುವ ಮೊದಲು ಹದಿನೈದು ನಿಮಿಷ ಅಂಗಳದಲ್ಲಾದರೂ ನಡೆಯಿರಿ. ಕುಚ್ಚಲಕ್ಕಿಯೆಂದು ಅನ್ನ ಜಾಸ್ತಿ ಬಡಿಸಿಕೊಳ್ಳಬೇಡಿ.

ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಏರು ಹತ್ತುವಾಗ ಎದೆ ಹಿಡಿದಂತಾದರೆ, ಮೊದಲು ವೈದ್ಯರನ್ನು ಕಾಣಿ. ಮುಂದಿನ ಎಚ್‌ಬಿಎ1ಸಿ ಮೂರು ತಿಂಗಳ ನಂತರ ಮಾಡಿಸಿ, ಅದಕ್ಕಿಂತ ಮೊದಲು ಪೂರ್ತಿ ವ್ಯತ್ಯಾಸ ಕಾಣುವುದಿಲ್ಲ.